ಕುಗ್ಗುವಿಕೆಗೆ ಬಿಟ್ಟ ಅಳತೆ

ಶಿವಮೊಗ್ಗ, ಸವಳಂಗ ರಸ್ತೆ
12 ಜನವರಿ 2009

ಅಪ್ಪಾಜಿಗೆ ಶರಣು.

ಕವರಿನ ಮೇಲೆ ನನ್ನ ಅಕ್ಷರ ನೋಡಿ ಎಷ್ಟು ಹೊತ್ತು ಒಡೆಯದೆ ಇಟ್ಟುಕೊಂಡಿರಿ? ಗಂಡನ ಮನೆ ಬಿಟ್ಟು ಬಂದವಳಿಗೆ ಈ ಬಾಗಿಲಿಲ್ಲ ಎಂದು ನೀವು ಹೇಳಿ ಬರುವ ತಿಂಗಳಿಗೆ ಎರಡು ವರ್ಷವಾಗುತ್ತದೆ. ಅವನು ನನ್ನ ಮೇಲೆ ಕೈ ಮಾಡಿದ್ದನ್ನು ನಾನು ಹೇಳಿದ್ದೆ, ನೀವು ಕೇಳಿಸಿಕೊಳ್ಳಲಿಲ್ಲ. ಅದು ಕಿವಿಯ ದೋಷವೆಂದು ಅವ್ವ ಇಂದಿಗೂ ನನ್ನನ್ನು ಸಮಾಧಾನ ಮಾಡುತ್ತಾಳೆ. ಅವಳ ಜೊತೆ ನಾನು ಫೋನಿನಲ್ಲಿ ಮಾತಾಡುವುದು ನಿಮಗೆ ಗೊತ್ತು. ಗೊತ್ತಿಲ್ಲದವರ ಹಾಗೆ ಪೇಪರು ಅಗಲಿಸಿಕೊಂಡು ಕೂರುತ್ತೀರಂತೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ, ಎರಕಕ್ಕೆ ಮರದ ಅಚ್ಚು ಮಾಡುವ ಪ್ಯಾಟರ್ನ್ ಶಾಪಿನಲ್ಲಿ, ರಂದಾ ಮಿಷನ್ನಿನ ಪಕ್ಕ ನಿಂತು ಕಿವಿ ಕಳೆದುಕೊಂಡವರನ್ನು ಫೋನಿನಲ್ಲಿ ಏನು ಕೇಳುವುದು? ಅದಕ್ಕೇ ಬರೆಯುತ್ತಿದ್ದೇನೆ.

ಜಗಳಕ್ಕಲ್ಲ, ಕೆಲಸದ ವಿಷಯಕ್ಕೆ.

ನಾನಿರುವುದು ಡಾಕ್ಟರ್ ಪ್ರಸನ್ನಕುಮಾರ್ ಅವರ ದಂತ ಲ್ಯಾಬಿನಲ್ಲಿ. ಉಬ್ಬು ಹಲ್ಲು, ಓರೆ ಹಲ್ಲು ಸರಿಮಾಡುವ ಪ್ಲೇಟುಗಳನ್ನು ಮೊದಲೆಲ್ಲ ಕೈಯಲ್ಲೇ ತಂತಿ ಬಗ್ಗಿಸಿ ಮಾಡುತ್ತಿದ್ದೆವು. ಹೋದ ವರ್ಷ ಡಾಕ್ಟರು ಹೊರದೇಶದ ಮಿಷನ್ನು ತರಿಸಿದರು. ಈಗ ಬಾಯಿಯ ಅಚ್ಚನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇವೆ. ಹಲ್ಲನ್ನು ಪರದೆಯ ಮೇಲೆ ಚೂರುಚೂರೇ ಸರಿಸಿ, ಒಂದೊಂದು ಹಂತಕ್ಕೂ ಒಂದೊಂದು ಅಚ್ಚು ಪ್ರಿಂಟ್ ಮಾಡುತ್ತೇವೆ. ಕಾಗದದ ಪ್ರಿಂಟಲ್ಲ. ತೊಟ್ಟಿಯಲ್ಲಿ ರಾಳ ಇರುತ್ತದೆ, ಬೆಳಕು ಬಿದ್ದ ಕಡೆ ಪದರ ಪದರವಾಗಿ ಗಟ್ಟಿಯಾಗುತ್ತಾ ಬಾಯಿಯ ಆಕಾರ ಮೇಲೇಳುತ್ತದೆ. ಅದರ ಮೇಲೆ ಪ್ಲೇಟು ಕೂರಿಸುತ್ತೇವೆ. ನೀವು ಒಮ್ಮೆ ನೋಡಬೇಕು.

ಈಗ ಹೊಳಲೂರಿನ ಒಂದು ಹೆಣ್ಣುಮಗು ಬಂದಿದೆ. ಐದು ವಾರದ್ದು. ತುಟಿ, ಅಂಗುಳ ಎರಡೂ ಸೀಳಿವೆ. ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ. ಅಂಗುಳಕ್ಕೆ ಪ್ಲೇಟು ಕೂರಿಸಿದರೆ ಹಾಲು ಒಳಗೆ ಹೋಗುತ್ತದೆ, ಸೀಳಿನ ಎರಡು ದಡಗಳೂ ಹತ್ತಿರ ಬರುತ್ತವೆ. ಹತ್ತು ದಿನಕ್ಕೊಂದರಂತೆ ಆರು ಪ್ಲೇಟು, ಆಮೇಲೆ ಆಪರೇಷನ್. ಆದರೆ ಮೊದಲನೆಯದೇ ಬಿಗಿಯಾಗಿ ವಸಡು ಕೆಂಪಾಯಿತು. ಅಳೆದು ನೋಡಿದರೆ ಅಚ್ಚೇ ಚಿಕ್ಕದಾಗಿ ಬರುತ್ತಿದೆ, ರಾಳ ಗಟ್ಟಿಯಾಗುವಾಗ ಕುಗ್ಗುತ್ತಿದೆ. ಡಾಕ್ಟರಿಗೆ ಹೇಳಿದರೆ, "ಅಷ್ಟು ದೊಡ್ಡ ಕಂಪನಿ ಮಿಷನ್ನು ರೀ, ಅದು ತಪ್ಪು ಮಾಡಲ್ಲ, ನೀವೇ ಸ್ಕ್ಯಾನ್ ಸರಿ ಮಾಡಿಲ್ಲ" ಎಂದರು.

ಕಬ್ಬಿಣ ಆರಿದ ಮೇಲೆ ಕುಗ್ಗುತ್ತದೆಂದು ನೀವು ಮರದ ಅಚ್ಚನ್ನು ಮೊದಲೇ ದೊಡ್ಡದಾಗಿ ಮಾಡುತ್ತಿದ್ದಿರಲ್ಲ, ಅದರ ಲೆಕ್ಕ ಹೇಗೆ? ಬೇಗ ಬರೆಯಿರಿ. ಮಗು ಬಾಯಿ ತೆರೆಯುವುದಕ್ಕೇ ಹೆದರುತ್ತಿದೆ.

ನಿಮ್ಮ ಮಗಳು,
ತನುಜಾ


ನ್ಯೂ ಟೌನ್, ಭದ್ರಾವತಿ
16 ಜನವರಿ 2009

ತನುಜಾಳಿಗೆ,

ಎರಡು ವರ್ಷಕ್ಕೆ ಬರೆದ ಕಾಗದದಲ್ಲಿ ಅಪ್ಪ ಹೇಗಿದ್ದೀರಿ ಎಂದು ಒಂದು ಸಾಲಿಲ್ಲ, ಕುಗ್ಗುವ ಲೆಕ್ಕ ಹೇಗೆ ಎಂದಿದೆ. ನೀನು ನನ್ನ ಮಗಳೇ, ಅನುಮಾನವಿಲ್ಲ. ಮಿಕ್ಕ ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಕೇಳು. ಎರಕದ ಕಬ್ಬಿಣಕ್ಕೆ ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಹೆಚ್ಚು ಇಡಬೇಕು, ಉಕ್ಕಿಗೆ ಎರಡು ನೂಲು. ನಿನ್ನ ರಾಳ ಎಷ್ಟು ಕುಗ್ಗುತ್ತದೆಂದು ನನಗೆ ಗೊತ್ತಿಲ್ಲ, ನಿನ್ನ ಡಾಕ್ಟರಿಗೂ ಗೊತ್ತಿಲ್ಲ. ಅದನ್ನೇ ಕೇಳಬೇಕು. ಐವತ್ತು ಮಿಲಿಮೀಟರಿನ ಚೌಕ ಕಡ್ಡಿ ಪ್ರಿಂಟ್ ಮಾಡು. ಉದ್ದ, ಅಗಲ, ಎತ್ತರ ಮೂರೂ ಅಳೆ. ಒಂದು ದಿನ ಬಿಟ್ಟು ಮತ್ತೆ ಅಳೆ. ಹೀಗೆ ಐದು ಕಡ್ಡಿ. ಸರಾಸರಿ ಎಷ್ಟು ಕಡಿಮೆ ಬಂತೋ ಅಷ್ಟನ್ನು ಕಂಪ್ಯೂಟರಿನಲ್ಲಿ ಮೊದಲೇ ಹೆಚ್ಚು ಕೊಡು. ಅಷ್ಟೇ ವಿದ್ಯೆ.

ಇನ್ನೊಂದು ಮಾತು. ಮೇಲಿನವರನ್ನು ಕೇಳಿಕೊಂಡು ಕೂರಬೇಡ. ನಮ್ಮ ಶಾಪಿನಲ್ಲಿ ಯಾವ ಇಂಜಿನಿಯರನ್ನೂ ನಾವು ಕೇಳಿದವರಲ್ಲ. ಕೇಳಿದರೆ ಅವರು ಮೀಟಿಂಗ್ ಕರೆಯುತ್ತಾರೆ, ಕಡೆಗೆ ಬೇಡ ಎನ್ನುತ್ತಾರೆ. ಡ್ರಾಯಿಂಗಿನಲ್ಲಿ ಏನೇ ಇರಲಿ, ಹೆಚ್ಚು ಇಡುವುದನ್ನು ನಾವೇ ಇಟ್ಟು ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಎರಕ ಸರಿಯಾಗಿ ಬಂದರೆ ಅವರ ಹೆಸರು, ಇರಲಿ ಬಿಡು. ಮಗುವಿನ ಬಾಯಿ ಮುಖ್ಯ.

ಐದು ವಾರದ ಕೂಸು ಅಂತೀಯ. ಅಳತೆ ಹುಷಾರು.

ಶಿವಮೂರ್ತಪ್ಪ


ಶಿವಮೊಗ್ಗ
10 ಫೆಬ್ರವರಿ 2009

ಅಪ್ಪಾಜಿ,

ಎರಡು ಪರ್ಸೆಂಟ್! ಐದು ಕಡ್ಡಿಯಲ್ಲೂ ಹೆಚ್ಚೂಕಡಿಮೆ ಅಷ್ಟೇ ಬಂತು. ನೀವು ಹೇಳಿದ ಹಾಗೆ ಯಾರಿಗೂ ಹೇಳದೆ ನನ್ನ ಡಿಸೈನಿನಲ್ಲೇ ಅಷ್ಟು ದೊಡ್ಡದು ಮಾಡಿದೆ. ಎರಡನೆಯ ಪ್ಲೇಟು ಕಟ್ ಎಂದು ಕೂತಿತು. ಮಗುವಿನ ತಾಯಿ ಅಲ್ಲೇ ಹಾಲು ಕುಡಿಸಿದಳು. ಒಂದು ಹನಿಯೂ ಮೂಗಿಗೆ ಬರಲಿಲ್ಲ. ನಾನು ಲ್ಯಾಬಿನಲ್ಲಿ ಕೂತು ಅತ್ತುಬಿಟ್ಟೆ, ಹೇಳಿದರೆ ನಗುತ್ತೀರಿ. ಡಾಕ್ಟರು ಮಿಷನ್ನನ್ನು ತಟ್ಟಿ, "ನೋಡಿದ್ರಾ, ನಾನ್ ಹೇಳಿರ್ಲಿಲ್ವಾ?" ಎಂದರು. ನಾನು ಹೂಂ ಎಂದೆ.

ತಾಯಿಯ ಹೆಸರು ಲಿಖಿತಾ. ಇಪ್ಪತ್ತೆರಡು ವರ್ಷವಂತೆ, ನೋಡಿದರೆ ಇನ್ನೂ ಚಿಕ್ಕವಳು. ಪ್ಲೇಟು ತೊಳೆಯುವುದು, ಕೂರಿಸುವುದು, ಜಾರದ ಹಾಗೆ ಎರಡು ಕೆನ್ನೆಗೂ ಪಟ್ಟಿ ಅಂಟಿಸುವುದು, ಎಲ್ಲ ನಾನೇ ಹೇಳಿಕೊಟ್ಟೆ. ಒಂದು ಸಲ ಹೇಳಿದ್ದನ್ನು ನನಗೇ ತಿರುಗಿ ಒಪ್ಪಿಸುತ್ತಾಳೆ. ಗಂಡ ದೂರದ ಊರಿನಲ್ಲಿ ಕೆಲಸಕ್ಕಿದ್ದಾನೆ, ಮನೆಯಲ್ಲಿ ಮಾವ ಭೈರಪ್ಪ, ಅತ್ತೆ ಪುಷ್ಪಮ್ಮ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ನಂಟರೆಲ್ಲ ಬಂದು ಮುಖ ನೋಡುತ್ತಾರೆ, ತುಟಿ ಹೊಲಿದ ಮೇಲೆ ನಾಮಕರಣ ಎಂದು ಪುಷ್ಪಮ್ಮನ ಹಟ. ಹಾಗಾಗಿ ನಮ್ಮ ಫೈಲಿನಲ್ಲಿ ಅದು "ಲಿಖಿತಾ ಮಗು" ಅಷ್ಟೇ.

ನೀವು ಹೇಗಿದ್ದೀರಿ? ಕೇಳಿದ್ದೇನೆ, ನೋಡಿಕೊಳ್ಳಿ.

ತನುಜಾ


ನ್ಯೂ ಟೌನ್
17 ಫೆಬ್ರವರಿ 2009

ತನುಜಾ,

ಚೆನ್ನಾಗಿದ್ದೇನೆ. ಮಂಡಿ ನೋವು.

ನಿನ್ನ ಕಾಗದವನ್ನು ಹಳೆಯ ಶಾಪಿನವರಿಗೆಲ್ಲ ಓದಲು ಕೊಟ್ಟೆ. ನಮ್ಮ ಕಸುಬು ನಮ್ಮೊಂದಿಗೇ ಮುಗಿಯಿತು ಎಂದುಕೊಂಡಿದ್ದವರು ನಾವು. ಅದು ಒಂದು ಕೂಸಿನ ಬಾಯಿಗೆ ಹೋಗಿ ಕೂತಿದೆ ಎಂದರೆ ಒಬ್ಬರೂ ನಂಬಲಿಲ್ಲ. ನಂಬಿಸಿದೆ. ಆ ದಿನ ಊಟ ಸೇರಿತು.

ಮನೆಗೆ ಬಾ ಎಂದು ಬರೆಯಬೇಕಂತೆ. ನಿಮ್ಮವ್ವ ತಲೆ ತಿನ್ನುತ್ತಿದ್ದಾಳೆ. ಇನ್ನೂ ಕೈ ಬರುತ್ತಿಲ್ಲ. ನೋಡೋಣ.

ಮಗುವಿನ ತೂಕ ಎಷ್ಟಾಯಿತು ಬರೆ.

ಶಿವಮೂರ್ತಪ್ಪ


ಶಿವಮೊಗ್ಗ
14 ಮಾರ್ಚ್ 2009

ಅಪ್ಪಾಜಿಗೆ,

ಹೊಳಲೂರಿನ ಮಗು ಹೋಯಿತು. ಮೊನ್ನೆ ಗುರುವಾರ ಮಧ್ಯಾಹ್ನ. ತೊಟ್ಟಿಲಲ್ಲಿ ಮಲಗಿತ್ತಂತೆ, ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪ್ಲೇಟು ಕಳಚಿ ಗಂಟಲಿಗೆ ಇಳಿದಿತ್ತು.

ತಾಯಿ ಪಟ್ಟಿ ಸರಿಯಾಗಿ ಅಂಟಿಸಿಲ್ಲ ಎಂದು ಡಾಕ್ಟರು ಮನೆಯವರಿಗೆ ಹೇಳಿದರು. ಅವರು ತಲೆ ಆಡಿಸಿ ಹೋದರು. ಕೇಸು ಗೀಸು ಏನೂ ಇಲ್ಲ.

ಹೋದ ಸೋಮವಾರವಷ್ಟೇ ಮಿಷನ್ ಕಂಪನಿಯವನು ಬಂದು, ರಾಳ ಕುಗ್ಗುತ್ತಿದೆ ಎಂದು ಬೇರೆ ಕಡೆಯಿಂದಲೂ ದೂರು ಬಂದಿದೆ, ಇನ್ನು ಮಿಷನ್ನೇ ಸರಿಮಾಡಿಕೊಳ್ಳುತ್ತದೆ ಎಂದು ಏನೋ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟು ಹೋಗಿದ್ದ. ಎಲ್ಲರೂ ಖುಷಿಯಲ್ಲಿದ್ದೆವು.

ಹೆಚ್ಚು ಬರೆಯಲಾಗುತ್ತಿಲ್ಲ.

ತನುಜಾ


ನ್ಯೂ ಟೌನ್
18 ಮಾರ್ಚ್ 2009

ತನುಜಾ,

ಸುದ್ದಿ ಕೇಳಿ ನಿಮ್ಮವ್ವ ದೇವರ ಮುಂದೆ ಕೂತವಳು ಎದ್ದಿಲ್ಲ.

ಒಂದು ಕೇಳಬೇಕು. ಕೇಳದೆ ಎರಡು ದಿನ ತಳ್ಳಿದೆ. ಸೋಮವಾರದಿಂದ ಮಿಷನ್ನೇ ಎರಡು ಪರ್ಸೆಂಟ್ ಹೆಚ್ಚು ಕೊಡುತ್ತದೆ ಎಂದಾಯಿತು. ನೀನು ಡಿಸೈನಿನಲ್ಲಿ ಇಡುತ್ತಿದ್ದ ಎರಡನ್ನು ತೆಗೆದೆಯಾ? ತೆಗೆಯದಿದ್ದರೆ ಅದು ಎರಡು ಸಲ ಆಗುತ್ತದೆ. ಕೂಸಿನ ಅಂಗುಳ ಮೂವತ್ತೈದು ಮಿಲಿಮೀಟರ್ ಇದ್ದೀತು. ಅದರಲ್ಲಿ ಎರಡು ಪರ್ಸೆಂಟ್ ಎಂದರೆ ಮುಕ್ಕಾಲು ಮಿಲಿಮೀಟರಿನ ಹತ್ತಿರ ಸಡಿಲ. ಮರದಲ್ಲಿ ನನಗೆ ಅದು ಬೆರಳಿಗೇ ಗೊತ್ತಾಗುತ್ತದೆ.

ತೆಗೆದಿದ್ದೆ ಎಂದು ಒಂದು ಸಾಲು ಬರೆ. ಸಾಕು.

ಅಪ್ಪ


ಶಿವಮೊಗ್ಗ
29 ಮಾರ್ಚ್ 2009

ಅಪ್ಪಾಜಿ,

ತೆಗೆದಿರಲಿಲ್ಲ.

ಕಂಪನಿಯವನು ಹೇಳುವಾಗ ನಾನು ಅಲ್ಲೇ ನಿಂತಿದ್ದೆ. ನನಗೆ ಆಗಲೇ ಹೊಳೆಯಿತು. ಸರ್, ನಾನು ಮೊದಲೇ ಹೆಚ್ಚು ಇಡುತ್ತಿದ್ದೇನೆ ಎಂದು ಬಾಯಿಗೆ ಬಂದಿತ್ತು. ಆದರೆ ಡಾಕ್ಟರು ಪಕ್ಕದಲ್ಲಿದ್ದರು. ಒಂದೂವರೆ ತಿಂಗಳು ಅವರ ಕಣ್ಣು ತಪ್ಪಿಸಿ ಮಾಡಿದ್ದನ್ನು, ಅದೂ ಎರಕದ ಕಾರ್ಖಾನೆಯ ಲೆಕ್ಕದಲ್ಲಿ ಮಾಡಿದ್ದನ್ನು, ಹೊರಗಿನವನೆದುರು ಹೇಗೆ ಹೇಳುವುದು ಎನ್ನಿಸಿತು. ಆಮೇಲೆ ಸದ್ದಿಲ್ಲದೆ ತೆಗೆದರಾಯಿತು ಎಂದುಕೊಂಡೆ. ಮಿಕ್ಕ ಫೈಲುಗಳಲ್ಲಿ ತೆಗೆದೆ. ಮಗುವಿನ ಐದನೆಯ ಪ್ಲೇಟಿನ ಅಚ್ಚು ಅಷ್ಟರಲ್ಲಿ ಪ್ರಿಂಟಿಗೆ ಹೋಗಿಬಿಟ್ಟಿತ್ತು. ನಿಲ್ಲಿಸಬಹುದಿತ್ತು. ಏಕೆ ನಿಲ್ಲಿಸಿದೆ ಎಂದು ಕೇಳುತ್ತಾರಲ್ಲ ಎಂದು ಸುಮ್ಮನಾದೆ.

ಕೂರಿಸುವಾಗಲೇ ಸಡಿಲ ಇತ್ತು. ಲಿಖಿತಾ ಬೆರಳಲ್ಲಿ ಮುಟ್ಟಿ ನೋಡಿ, "ಅಕ್ಕಾ, ಇದು ಅಲ್ಲಾಡ್ತದಲ್ಲ" ಎಂದಳು. "ಎರಡು ದಿನದಲ್ಲಿ ಕೂರ್ತದೆ ಮಾರಾಯ್ತಿ, ಪಟ್ಟಿ ಬಿಗಿಯಾಗಿ ಅಂಟಿಸು" ಎಂದೆ. ಅವಳು ನನ್ನನ್ನು ನಂಬಿದಳು.

ಹೋಗಿ ಹೇಳಲೇ? ಅವಳಿಗೊಬ್ಬಳಿಗಾದರೂ ಹೇಳಬೇಕು. ನೀವು ಹೇಳಿದ ಹಾಗೆ ಮಾಡುತ್ತೇನೆ.

ತನುಜಾ


ನ್ಯೂ ಟೌನ್
1 ಏಪ್ರಿಲ್ 2009

ಮಗಳೇ,

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿಲ್ಲ.

ಯಾರಿಗೂ ಹೇಳಬೇಡ. ಹೇಳಿದರೆ ಕೂಸು ಏಳುವುದಿಲ್ಲ. ನಿನ್ನನ್ನು ಕೋರ್ಟು, ಸ್ಟೇಷನ್ನು ಎಂದು ಎಳೆದಾಡುತ್ತಾರೆ, ಡಾಕ್ಟರು ಮೊದಲು ಕೈ ತೊಳೆದುಕೊಳ್ಳುತ್ತಾನೆ. ಗಂಡನನ್ನು ಬಿಟ್ಟವಳು ಎಂದು ಮೊದಲೇ ಇದೆ, ಅದರ ಮೇಲೆ ಇದು. ಆ ತಾಯಿ ಚಿಕ್ಕವಳು, ಇನ್ನೊಂದು ಮಗುವಾದರೆ ಮರೆಯುತ್ತಾಳೆ. ಕಾಲ ಹಾಗೆ.

ಲೆಕ್ಕ ಹೇಳಿಕೊಟ್ಟವನು ನಾನು. ಬಾಯಿ ಮುಚ್ಚಿಕೊಂಡಿರು ಎಂದು ಬರೆದವನೂ ನಾನೇ. ಅದನ್ನು ನಾನು ಹೊತ್ತುಕೊಳ್ಳುತ್ತೇನೆ.

ಆ ಕೆಲಸ ಬಿಟ್ಟು ಮನೆಗೆ ಬಾ. ನಡುಮನೆಯ ಪಕ್ಕದ ಕೋಣೆ ತೆಗೆದು ಗುಡಿಸಿದ್ದೇವೆ. ನಾನೇ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಹಳೆಯದನ್ನು ನಾನೂ ಎತ್ತುವುದಿಲ್ಲ, ನೀನೂ ಎತ್ತಬೇಡ.

ಅಪ್ಪ


ಶಿವಮೊಗ್ಗ
21 ಸೆಪ್ಟೆಂಬರ್ 2009

ಅಪ್ಪಾಜಿಗೆ,

ಹೇಳದೆ ಹೊರಟು ಬಂದೆ, ಬೈಯಬೇಡಿ. ಅವ್ವನಿಗೆ ಗೊತ್ತಿತ್ತು. ರೊಟ್ಟಿ ಕಟ್ಟಿಕೊಟ್ಟಳು.

ಐದೂವರೆ ತಿಂಗಳು ಮನೆಯಲ್ಲಿಟ್ಟುಕೊಂಡಿರಿ. ಆ ಕೋಣೆಗೆ, ಆ ಊಟಕ್ಕೆ ನಾನು ಎರಡು ವರ್ಷ ಹಂಬಲಿಸಿದ್ದೆ. ಅದು ಸಿಕ್ಕಿತು. ನೀವು ಎದುರು ಕೂತು ಪೇಪರು ಅಗಲಿಸುತ್ತಿದ್ದಿರಿ, ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ. ಒಂದು ದಿನವೂ ನಾವು ಆ ಮಾತು ಆಡಲಿಲ್ಲ.

ಹೋದ ಬುಧವಾರ ಅವ್ವನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಬಂದಿದ್ದೆವಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಲಿಖಿತಾ ಸಿಕ್ಕಿದಳು. ಅತ್ತೆ ಮಾವ ಒಂದು ಕಡೆ ನಿಂತಿದ್ದರು, ಇವಳು ನಾಲ್ಕು ಮಾರು ದೂರ. ನನ್ನನ್ನು ಕಂಡದ್ದೇ ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನೀವ್ ಹೇಳ್ಕೊಟ್ಟಂಗೇ ಅಂಟಿಸಿದ್ದೆ. ಎಲ್ಲಿ ತಪ್ಪಿದ್ದು ಅಂತ ದಿನಾ ಯೋಚಿಸ್ತೀನಿ, ಗೊತ್ತಾಗ್ತಾನೇ ಇಲ್ಲ. ಮಗು ತಿಂದೋಳು ಅಂತಾರೆ. ಒಲೆ ಮುಟ್ಸಲ್ಲ, ನನ್ ಕೈಯಾಗೆ ನೀರೂ ಕುಡಿಯಲ್ಲ. ನಂಗೇ ನನ್ ಕೈ ಮೇಲೆ ನಂಬಿಕೆ ಹೋಗೈತೆ. ನೀವಾದ್ರೂ ಹೇಳಿ, ಏನ್ ತಪ್ಪು ಮಾಡ್ದೆ?"

ನಾನು, "ನಮ್ ಬಸ್ ಬಂತು, ಬರ್ತೀನಿ" ಎಂದೆ. ಅಪ್ಪಾಜಿ, ನಾನು ಅಷ್ಟೇ ಹೇಳಿದ್ದು. ಹೇಳಿ ಬಸ್ಸು ಹತ್ತಿ ಕೂತೆ. ಅವ್ವ ನನ್ನ ಮುಖ ನೋಡಿದಳು. ಬಸ್ಸು ಭದ್ರಾವತಿ ಮುಟ್ಟುವಷ್ಟರಲ್ಲಿ ಅವಳಿಗೆ ಎಲ್ಲ ಹೇಳಿದ್ದೆ.

ಲಿಖಿತಾ ಮರೆತಿಲ್ಲ, ಮರೆಯುವುದೂ ಇಲ್ಲ. ನಾವು ಹೊತ್ತಿದ್ದೇವೆ ಅಂದುಕೊಂಡಿದ್ದನ್ನೆಲ್ಲ ಹೊತ್ತಿರುವುದು ಅವಳು.

ಡಾಕ್ಟರಿಗೆ ನಿನ್ನೆ ಹೇಳಿದೆ. "ನಿಮಗೆ ತಲೆ ನೆಟ್ಟಗಿಲ್ಲ, ಮನೆಗೆ ಹೋಗಿ" ಎಂದರು. ಭೈರಪ್ಪನವರಿಗೆ ಇವತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅದರ ನಕಲನ್ನು ಇದರಲ್ಲಿಟ್ಟಿದ್ದೇನೆ. ನಿಮ್ಮ ಹೆಸರು ಬರೆದಿಲ್ಲ.

ತನುಜಾ


(ನಕಲು)
ಶಿವಮೊಗ್ಗ
21 ಸೆಪ್ಟೆಂಬರ್ 2009

ಹೊಳಲೂರಿನ ಭೈರಪ್ಪನವರಿಗೂ ಪುಷ್ಪಮ್ಮನವರಿಗೂ ನಮಸ್ಕಾರ.

ನಿಮ್ಮ ಮೊಮ್ಮಗಳ ಪ್ಲೇಟುಗಳನ್ನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತಿದ್ದವಳು ನಾನು. ಐದನೆಯ ಪ್ಲೇಟಿಗೆ ಇರಬೇಕಾದ್ದಕ್ಕಿಂತ ದೊಡ್ಡ ಅಳತೆ ಇತ್ತು. ಅದು ನನ್ನ ತಪ್ಪು. ಮಿಷನ್ನು ಕೊಡುವ ಹೆಚ್ಚಿನ ಅಳತೆಯ ಮೇಲೆ ನಾನೂ ಅಷ್ಟೇ ಹೆಚ್ಚು ಕೊಟ್ಟಿದ್ದೆ, ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಪ್ಲೇಟು ಅಲ್ಲಾಡುತ್ತದೆ ಎಂದು ನಿಮ್ಮ ಸೊಸೆ ಅವತ್ತೇ ಹೇಳಿದ್ದರು. ಎರಡು ದಿನದಲ್ಲಿ ಕೂರುತ್ತದೆ ಎಂದು ನಾನು ಕಳಿಸಿದೆ. ಅವರು ಪಟ್ಟಿ ಎಷ್ಟೇ ಚೆನ್ನಾಗಿ ಅಂಟಿಸಿದ್ದರೂ ಆ ಪ್ಲೇಟು ನಿಲ್ಲುತ್ತಿರಲಿಲ್ಲ.

ಪೊಲೀಸಿಗೆ ಕೊಡುವುದಾದರೆ ಈ ಕಾಗದವನ್ನೇ ಕೊಡಿ. ವಿಳಾಸ ಕವರಿನ ಮೇಲಿದೆ, ನಾನು ಎಲ್ಲಿಗೂ ಹೋಗುವುದಿಲ್ಲ. ಕ್ಷಮಿಸಿ ಎಂದು ಬರೆಯುವ ಧೈರ್ಯ ನನಗಿಲ್ಲ.

ನಿಮ್ಮ ಸೊಸೆ ಏನೂ ತಪ್ಪು ಮಾಡಿಲ್ಲ. ದಯವಿಟ್ಟು ಅವರ ಕೈಯಲ್ಲಿ ನೀರು ಕುಡಿಯಿರಿ.

ತನುಜಾ ಶಿವಮೂರ್ತಪ್ಪ


ನ್ಯೂ ಟೌನ್
26 ಸೆಪ್ಟೆಂಬರ್ 2009

ತನುಜಾ,

ನಿನ್ನ ಕಾಗದ ಗುರುವಾರ ಬಂತು. ಶುಕ್ರವಾರ ಬೆಳಿಗ್ಗೆ ನಾನು ಹೊಳಲೂರಿಗೆ ಹೋದೆ. ಯಾಕೆ ಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಮಗಳಿಗೆ ಮನಸ್ಸು ಸರಿಯಿಲ್ಲ, ಸಂಸಾರ ಕೆಟ್ಟಾಗಿನಿಂದ ಹೀಗೆ ಏನೇನೋ ತನ್ನ ಮೇಲೆ ಹಾಕಿಕೊಳ್ಳುತ್ತಾಳೆ, ಅವಳು ಬರೆದದ್ದನ್ನು ನಂಬಬೇಡಿ ಎಂದು ಹೇಳಲು ಹೋದೆ. ದಾರಿಯುದ್ದಕ್ಕೂ ಆ ಮಾತನ್ನು ಜೋಡಿಸಿಕೊಂಡೆ. ಡಾಕ್ಟರು ನಿನಗೆ ಹೇಳಿದ್ದೂ ಅದೇ ಎಂದು ಬಸ್ಸು ಇಳಿಯುವಾಗ ನೆನಪಾಯಿತು. ಆದರೂ ಹೋದೆ.

ಅಂಚೆಯವನು ನನಗಿಂತ ಮೊದಲು ಹೋಗಿದ್ದ. ಭೈರಪ್ಪ ಕಾಗದ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದ. ಪುಷ್ಪಮ್ಮ ಬಾಗಿಲಿಗೆ ಒರಗಿದ್ದಳು. ಆ ಹುಡುಗಿ ಅಂಗಳದ ತುದಿಯಲ್ಲಿ ಕೊಟ್ಟಿಗೆಯ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು, ಮುಂದೆ ಅರ್ಧ ಉಂಡ ತಟ್ಟೆ. ಅವಳು ಊಟ ಮಾಡುವುದು ಅಲ್ಲೇ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಭೈರಪ್ಪ ಕಾಗದ ಓದಿ ಹೇಳಿದ್ದು ಅವಳಿಗೂ ಕೇಳಿರಬೇಕು. ಕೈ ಅನ್ನದಲ್ಲೇ ಇತ್ತು.

ತನುಜಾಳ ಅಪ್ಪ ಎಂದೆ. ಆಮೇಲೆ ಜೋಡಿಸಿಕೊಂಡು ಹೋದದ್ದು ಒಂದೂ ಬಾಯಿಗೆ ಬರಲಿಲ್ಲ. ಪುಷ್ಪಮ್ಮ ಏನೋ ಕೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. ಕಿವಿ ಕೇಳುವುದಿಲ್ಲ ಎಂದು ಸನ್ನೆ ಮಾಡಿದೆ. ಅವಳು ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಕಡೆಗೆ ಆ ಹುಡುಗಿ ಎದ್ದು ಕೈ ತೊಳೆದು ಬಂದು, ಮಾವನ ಜೇಬಿನಿಂದ ಪೆನ್ನು ತೆಗೆದುಕೊಂಡು, ನಿನ್ನ ಕವರಿನ ಹಿಂದೆ ಬರೆದು ತೋರಿಸಿದಳು. ಅಕ್ಷರ ದುಂಡಗಿದೆ. "ಅತ್ತೆ ಕೇಳ್ತಿದಾರೆ, ನಿಮಗೆ ಯಾವಾಗಿಂದ ಗೊತ್ತಿತ್ತು?"

ಈಗಷ್ಟೇ ಎನ್ನಬಹುದಿತ್ತು. ನೀನು ನನ್ನ ಹೆಸರು ಬರೆದಿರಲಿಲ್ಲ. "ಮಾರ್ಚಿಂದ" ಎಂದೆ. ನನ್ನ ದನಿ ಎಷ್ಟು ದೊಡ್ಡದಾಗಿರುತ್ತದೋ ನನಗೆ ಗೊತ್ತಾಗುವುದಿಲ್ಲ, ಪಕ್ಕದ ಮನೆಯವರು ಹೊರಗೆ ಬಂದು ನಿಂತರು. ಅವರೆದುರಿಗೇ ಉಳಿದದ್ದನ್ನೂ ಹೇಳಿದೆ. ಲೆಕ್ಕ ನನ್ನದು, ಸುಮ್ಮನಿರು ಎಂದು ಮಗಳಿಗೆ ಬರೆದವನು ನಾನು, ಅವಳು ಮೊದಲೇ ಹೇಳುತ್ತೇನೆ ಎಂದಿದ್ದಳು, ನಾನು ತಡೆದೆ ಎಂದೆ. ಪುಷ್ಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಭೈರಪ್ಪ ತಲೆ ಎತ್ತಲಿಲ್ಲ. ಪೊಲೀಸಿಗೆ ಕೊಡುತ್ತಾರೋ ಇಲ್ಲವೋ ತಿಳಿಯದು. ಸೊಸೆಯನ್ನು ಒಳಗೆ ಕರೆದುಕೊಳ್ಳುತ್ತಾರೋ, ಅದೂ ತಿಳಿಯದು.

ಅವಳು ಮಾತ್ರ ನನ್ನೆದುರೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಆಗುತ್ತಿತ್ತು. ಮತ್ತೆ ಕವರು ತಿರುಗಿಸಿ ಇನ್ನೊಂದು ಸಾಲು ಬರೆದಳು. ಈ ಸಲ ಅತ್ತೆ ಕೇಳಿದ್ದಲ್ಲ, ಅವಳದೇ.

"ನಂಗೊಂದು ಕಾರ್ಡು ಹಾಕ್ಬಹುದಿತ್ತಲ್ಲ ಅಜ್ಜಾ."

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಕವರನ್ನು ಅವಳ ಕೈಗೆ ಕೊಟ್ಟು ಬಸ್ಸಿಗೆ ನಡೆದೆ.

ಶಿವಮೂರ್ತಪ್ಪ